ನಾಕು ಊರು, ಒಂದು ಚಟ್ನಿ ಡಬ್ಬಿ

ಇಂಥಾವು ನನಗ ಯಾಕ ಗಂಟು ಬೀಳ್ತಾವೋ ನಾ ಕಾಣೆ. ಓಣ್ಯಾಗ ಮಂದಿ ಹಪ್ಪಳಾ ಮಾರ್ತಾರ, ಶಾವಿಗಿ ಮಾರ್ತಾರ, ಸುಮ್ಮನ ಹೋಗಿ ಸುಮ್ಮನ ಮನಿಗೆ ಬರ್ತಾರ. ನಾ ಚಟ್ನಿಪುಡಿ ಡಬ್ಬಿ ಹಿಡಕೊಂಡು ಹೊಸ್ತಿಲಾ ದಾಟಿದೆ ಅಂದ್ರ ಏನಾರ ಒಂದು ಆಗೇ ತೀರ್ತಿತ್ತು.

ನಮ್ಮ ಮನಿಯವ್ರು ಮಾಮಲೇದಾರ ಕಚೇರ್ಯಾಗ ಕಾರಕೂನ್ರು. ಎರಡು-ಮೂರು ವರ್ಷಕ್ಕೊಮ್ಮೆ ವರ್ಗಾ. ಹಾನಗಲ್ಲ, ಶಿಗ್ಗಾಂವ, ಸವಣೂರ, ಹಿರೇಕೆರೂರ, ನಾಕೂ ತಾಲೂಕಿನ ನೀರು ಕುಡದೇವಿ. ಮನ್ಯಾಗ ಹುರದು, ಕುಟ್ಟಿ, ಪುಡಿ ಮಾಡಿ, ಕೆಲಸಾ ಮಾಡೂ ಮಂದಿ ಎಲ್ಲಿ ಇರ್ತಾರೋ ಅಲ್ಲೇ ಒಯ್ದು ಮಾರೂದು ನನ್ನ ಧಂದೆ. ಅಂಗಡ್ಯಾಗ ಇಟ್ರ ಯಾರೂ ಕೇಳೂದಿಲ್ಲ. ಮಧ್ಯಾಹ್ನ ಬುತ್ತಿ ಬಿಚ್ಚಿದವರ ಮುಂದ ಡಬ್ಬಿ ಮುಚ್ಚಳಾ ತಗದ್ರ ಅವರ ಮೂಗು ತಾನ ಕೇಳ್ತೈತಿ.

ನಮ್ಮವ್ರು ಒಪ್ಪಿದ್ರು, ಆದ್ರ ಒಂದು ಕರಾರು ಹಾಕಿದ್ರು. "ಎಲ್ಲಿ ಬೇಕಾರ ಮಾರು. ನನ್ನ ಕಚೇರಿ ಹೊಸ್ತಿಲಾ ಮಾತ್ರ ತುಳೀಬ್ಯಾಡ. 'ಕಾರಕೂನರ ಹೆಣ್ತಿ ಚಟ್ನಿ' ಅಂತ ಒಬ್ಬರ ಬಾಯಾಗ ಬಂತಂದ್ರ ಅವತ್ತ ನಿನ್ನ ಒಳ್ಳು ಬಂದ್."

"ಆತ್ರಿ" ಅಂದೆ. ಖಾರಾ ಕುಟ್ಟೂ ಆ ಕಲ್ಲಿನ ಒಳ್ಳಿನ ಮ್ಯಾಲ ನನಗ ಭಾಳ ಜೀವ. ಊರೂರು ಕಾರಕೂನರ ಹೆಣ್ತಿ ಅನಿಸ್ಕೊಂಡು ತಿರಗಿದಾಕಿ ನಾನು. ನನ್ನ ಕೈಯಿಂದ ನನ್ನ ಗುರ್ತು ಹಿಡಿಯೂ ಮಂದಿ ಆಗಿದ್ದು ಅದೊಂದರಿಂದ. ಅದು ಹೋದ್ರ ನಂದು ಅನ್ನೂದು ಏನೂ ಉಳೀತಿರಲಿಲ್ಲ.

ಹಾನಗಲ್ಲದ ಮಾಸ್ತರ್ರು

ಮೊದಲ ಹೋಗಿದ್ದು ಸಾಲಿಗೆ, ಮಾಸ್ತರ್ರು ಬುತ್ತಿ ಉಣ್ಣೂ ಖೋಲಿಗೆ. ಕೊಳ್ಳೂಕಿಂತ ಮೊದಲ ರುಚಿ ನೋಡ್ರಿ ಅಂತ ಎಲ್ಲಾರ ರೊಟ್ಟಿ ಮ್ಯಾಲೂ ಒಂದೊಂದು ಚಮಚಾ ಹಾಕಿದೆ. ಓದಿದ ಮಂದಿ, ರುಚಿ ನೋಡೂದರಾಗ ಭಾಳ ಶಿಸ್ತು. ಒಬ್ರು ಉಪ್ಪು ಕಮ್ಮಿ ಅಂದ್ರ ಇನ್ನೊಬ್ರು ಹೆಚ್ಚು ಅಂತಿದ್ರು. ಖಾತ್ರಿ ಮಾಡ್ಕೊಳ್ಳಾಕ ಇಬ್ರೂ ಮತ್ತೊಂದು ಚಮಚಾ ಹಾಕಿಸ್ಕೊಂತಿದ್ರು. ಹೆಡ್ ಮಾಸ್ತರ್ರು, "ಶೇಂಗಾದ್ದು ನೋಡಿದ್ವಿ. ಅಗಸೀದು ನೋಡದ ಹೆಂಗ ಹೇಳೂದ್ರಿ?" ಅಂದ್ರು. ಮರುದಿನ ಅಗಸಿ ಒಯ್ದೆ. ಅದರ ಮರುದಿನ ಗುರೆಳ್ಳು. "ವಿಚಾರ ಮಾಡಿ ಹೇಳ್ತೇವ್ರಿ ಅಕ್ಕಾರ" ಅಂತ ದಿನಾ ಹೇಳಿ ಕಳಸ್ತಿದ್ರು.

ಬರಬರ್ತ ಒಬ್ಬರ ಬುತ್ತ್ಯಾಗೂ ಪಲ್ಯಾ ಕಾಣದಂಗಾತು. ಕಾಯಿಪಲ್ಲೆ ತುಟ್ಟಿ ಆಗಿರಬೇಕು ಅನ್ಕೊಂಡೆ, ನಾ ಎಷ್ಟ ಶಾಣ್ಯಾಕಿ ನೋಡ್ರಿ.

ಒಂದಿನ ಜ್ವರಾ ಬಂದು ಮಲ್ಕೊಂಡಿದ್ದೆ. ಮಧ್ಯಾಹ್ನ ಉರಿ ಬಿಸಲಾಗ ಗಣಿತದ ಮಾಸ್ತರ್ರು ಬಂದು ಬಾಗಲಾಗ ನಿಂತ್ರು.

"ಯಾಕ್ರಿ ಅಕ್ಕಾರ, ಇವತ್ತ ಬರಲಿಲ್ಲ?"

"ಜ್ವರಾ ಬಂದಾವ್ರಿ ಸರ್" ಅಂತ ಏಳಾಕ ಹೋದೆ.

"ಅಯ್ಯ, ಏಳಬ್ಯಾಡ್ರಿ, ಮಲ್ಕೊರ್ರಿ" ಅಂದ್ರು, ಭಾಳ ಅಂತಃಕರಣದಿಂದ. "ಡಬ್ಬಿ ಎಲ್ಲೈತಿ ಅಷ್ಟ ಹೇಳ್ರಿ. ಅಲ್ಲೆ ಎಲ್ಲಾರೂ ಬರೇ ರೊಟ್ಟಿ ಹಿಡಕೊಂಡು ಕುಂತಾರ."

ಶಿಗ್ಗಾಂವದ ಸಾಹುಕಾರ್ರು

ಶಿಗ್ಗಾಂವಕ್ಕ ವರ್ಗಾ ಆದ ಮ್ಯಾಲ, ಇನ್ನ ಓದಿದವರ ಸಹವಾಸ ಬ್ಯಾಡ, ವ್ಯಾಪಾರ ಗೊತ್ತಿದ್ದವರ ಕಡೆ ಹೋಗೂಣು ಅಂತ ಕಾಳಿನ ದಲಾಲಿ ಅಂಗಡಿಗೆ ಹೋದೆ. ಹಮಾಲರು, ಗುಮಾಸ್ತರು ಎಲ್ಲಾರೂ ಅಲ್ಲೇ ಉಣ್ಣೂ ಮಂದಿ.

ಸಾಹುಕಾರ್ರು ಚಟ್ನಿಯನ್ನೂ ಜೋಳ ನೋಡಿದಂಗ ನೋಡಿದ್ರು. ಅಂಗೈ ಮ್ಯಾಲ ಒಂದು ಚಿಟಿಕಿ ಹಾಕ್ಕೊಂಡು, ಬಿಸಲಿಗೆ ಹಿಡದು, ನೆಕ್ಕಿ, "ಮಾಲು ಚೊಲೊ ಐತಿ, ಹಸಿ ಇಲ್ಲ" ಅಂದ್ರು. ಆಮ್ಯಾಲ ಹೆಗಲ ಮ್ಯಾಲಿನ ಟಾವೆಲ್ ತಗದು ಬಲಗೈ ಮ್ಯಾಲ ಹೊಚ್ಚಿ ನನ್ನ ಕಡೆ ಚಾಚಿದ್ರು.

ಆ ಪ್ಯಾಟ್ಯಾಗ ಧಾರಣಿ ಬಾಯಿಲೆ ಹೇಳೂ ರೂಢಿ ಇರಲಿಲ್ಲ. ಟಾವೆಲ್ ಬುಡಕ ಒಬ್ಬರ ಬೆರಳು ಒಬ್ರು ಹಿಡದು ಒತ್ತಿ ವ್ಯಾಪಾರ ಮುಗಸ್ತಿದ್ರು. ಆದ್ರ ಹೆಣ್ಮಗಳು ನಾನು, ಪರಗಂಡಸಿನ ಕೈ ಟಾವೆಲ್ ಬುಡಕ ಹೆಂಗ ಹಿಡೀಲಿ? ಹಮಾಲರು ಚೀಲಾ ಹೊತ್ತಲ್ಲೇ ನಿಂತ್ರು. ಗುಮಾಸ್ತ ಮಾರಿ ಮ್ಯಾಲ ಮಾಡಿ ಮಾಳಗಿ ಜಂತಿ ಎಣಸಾಕ ಹತ್ತಿದ. ಆವಾಗ ಸಾಹುಕಾರ್ರಿಗೆ ಎಚ್ಚರಾತು, ಮಾರಿ ನನ್ನ ಚಟ್ನಿಗಿಂತ ಕೆಂಪಾತು.

"ಹಂಗಾರ ಬಾಯಿಲೆ ಹೇಳ್ರಿ" ಅಂದೆ.

"ಹುಟ್ಟಿದಾಗಿಂದ ಬಾಯಿಲೆ ಧಾರಣಿ ಹೇಳಿ ಗೊತ್ತಿಲ್ರಿ ಅಕ್ಕಾರ" ಅಂತ, ಒಳಗಿಂದ ಅವರ ಮುದುಕಿ ಅವ್ವನ್ನ ಕರದ್ರು.

ಮುದುಕಿ ನಡುವ ಕುಂತ್ಲು. ಒಂದು ಕೈ ಮಗನ ಟಾವೆಲ್ ಬುಡಕ, ಇನ್ನೊಂದು ಕೈ ನನ್ನ ಸೆರಗಿನ ಬುಡಕ. ಮಗ ಆಕಿ ಬೆರಳು ಒತ್ತಾವ, ಆಕಿ ನನ್ನ ಬೆರಳು ಒತ್ತಾಕಿ. ಅಂತೂ ವ್ಯಾಪಾರ ಕುದುರ್ತು. ನನಗೊಂದು ಧಾರಣಿ, ಮಗನಿಗೊಂದು ಧಾರಣಿ ಒತ್ತ್ಯಾಳಂತ ಆಮ್ಯಾಲ ತಿಳೀತು. ಕೇಳಿದ್ರ ಮುದುಕಿ ನಕ್ಕೊಂತ, "ನಡುವ ಕುಂತಾಕಿಗೆ ದಲಾಲಿ ಬ್ಯಾಡೇನ ತಂಗಿ?" ಅಂದ್ಲು.

ಸವಣೂರಿನ ಔಷಧ

ಸವಣೂರಾಗ ಮನಿ ಹತ್ರ ಒಂದು ದವಾಖಾನಿ ಇತ್ತು. ಅಲ್ಲಿ ಡಾಕ್ಟರು ಬಂದವರಿಗೆಲ್ಲಾ ಮೊದಲ ಹೇಳೂ ಮಾತು "ಖಾರಾ ಬಿಡ್ರಿ". ಅಂಥವರ ಮುಂದ ಚಟ್ನಿ ಡಬ್ಬಿ ತಗ್ಯೂದು ಹೆಂಗ? ಕಂಪೌಂಡರ ಉಪಾಯ ಹೇಳಿದ. "ಅಕ್ಕಾರ, ಸಣ್ಣ ಸಣ್ಣ ಪುಡಿಕಿ ಕಟ್ಟಿ ನನ್ನ ಟೇಬಲ್ ಮ್ಯಾಲ ಇಟ್ಟ ಹೋಗ್ರಿ. ರುಚಿ ನೋಡಿ ನಾಳೆ ಹೇಳ್ತೇನಿ." ಅವನೂ ಪುಡಿ ಔಷಧಾನ ಅಂಥಾವ ಕಾಗದದ ಪುಡಿಕ್ಯಾಗ ಕಟ್ಟಿ ಅದ ಟೇಬಲ್ ಮ್ಯಾಲ ಇಡ್ತಾನಂತ ನನಗೇನ ಗೊತ್ತು.

ಮರುದಿನ ನಾ ಹೋದಾಗ ಒಬ್ಬ ಮುದುಕಪ್ಪ ಡಾಕ್ಟರ ಮುಂದ ಕೈ ಮುಗದು ನಿಂತಿದ್ದ. "ಸಾಹೇಬ್ರ, ನಿಮ್ಮ ಕೈಗುಣಾ ದೊಡ್ಡದ್ರಿ. ಜಡ್ಡಿಗೆ ಬಿದ್ದಾಗಿಂದ ರೊಟ್ಟಿ ಬಾಯಿಗೆ ಹತ್ತಿರಲಿಲ್ಲ. ನಿನ್ನೆ ನಿಮ್ಮ ಪುಡಿ ತಗೊಂಡೆ ನೋಡ್ರಿ, ಹೊಟ್ಟಿ ತುಂಬ ಉಂಡೆ."

ಡಾಕ್ಟರು ಹಿಗ್ಗಿದ್ರು. ಕಂಪೌಂಡರ ನನ್ನ ಮಾರಿ ನೋಡಿದ, ನಾ ಔಷಧದ ಕಪಾಟ ನೋಡಿದೆ. "ಇವರಿಗೆ ಅದ ಪುಡಿ ಇನ್ನೊಂದು ವಾರ ಕೊಡು" ಅಂತ ಹುಕುಮಾತು.

ಮುದುಕಪ್ಪ ಬಾಗಲ ತನಕ ಹೋದಾವ ತಿರುಗಿ ಬಂದ. "ಔಷಧ ಚೊಲೊ ಐತ್ರಿ ಸಾಹೇಬ್ರ. ಒಂದೀಟು ಬಳ್ಳೊಳ್ಳಿ ಹೆಚ್ಚಿಗೆ ಹಾಕಸ್ರಿ."

ಹಿರೇಕೆರೂರಿನ ಕರಾರು

ಹಿರೇಕೆರೂರಾಗ ನನ್ನ ಧಂದೆ ಖರೇನ ಬೇರು ಬಿಡ್ತು. ಹಂಸಭಾವಿಯಿಂದ ಸಂತಿಗೆ ಬಂದವರು ಸುದ್ದಾ ಮನಿ ಕೇಳ್ಕೊಂತ ಬರ್ತಿದ್ರು. ನಮ್ಮ ಹಿತ್ತಲದಾಚೆ ಮನಿಯ ಗಂಡ ಇಲ್ಲದ ಅಕ್ಕ-ತಂಗಿ ಇಬ್ರು ನನ್ನ ಜೋಡಿ ಕುಟ್ಟಾಕ ಬರ್ತಿದ್ರು. ಅವರ ಮನಿ ಒಲಿ ಉರೀತಿದ್ದೂ ಅದರ ಮ್ಯಾಲ.

ಕರಾರು ನಾ ಮುರೀಲಿಲ್ಲ. ಕಚೇರಿ ಇದ್ದ ಓಣ್ಯಾಗ ಕಾಲೂ ಇಡ್ಲಿಲ್ಲ. ಆದ್ರ ಕಚೇರ್ಯಾಗ ಕಾಗದಾ ಪತ್ರಾ ಒಯ್ಯೂ ಪಟ್ಟೇವಾಲಾ ಹಿತ್ತಲ ಬಾಗಲಿಗೆ ಬಂದು ಗುರೆಳ್ಳು ಚಟ್ನಿ ಪೊಟ್ಣಾ ಒಯ್ತಿದ್ದ. ಒಬ್ಬ ಮನಶ್ಯಾ ಇಷ್ಟು ಹೆಂಗ ತಿಂತಾನ ಅಂತ ನಾ ಕೇಳಲಿಲ್ಲ. ಕೇಳಬೇಕಂತ ಕರಾರಿನ್ಯಾಗ ಇರಲಿಲ್ಲ. ನಮ್ಮವ್ರು ಊಟಕ್ಕ ಮನಿಗೆ ಬರ್ತಿದ್ರು, ಕಚೇರ್ಯಾಗ ಯಾರು ಏನು ಉಣ್ತಾರ ಅಂತ ಅವರಿಗೂ ಗೊತ್ತಿರಲಿಲ್ಲ.

ಅಷ್ಟರಾಗ ವರ್ಗಾ ಹುಕುಮ ಬಂತು, ಮತ್ತ ಹಾನಗಲ್ಲಿಗೆ. ಒಳ್ಳಿನ ಮುಂದ ಕುಂತು ಮೂರೂ ಮಂದಿ ಹೆಣ್ಮಕ್ಕಳು ಅತ್ವಿ. ಪಟ್ಟೇವಾಲಾ ಬಂದಾಗ, "ಇದ ಕಡೀ ಪೊಟ್ಣಾ ತಮ್ಮಾ" ಅಂದೆ. ಅವನ ಮಾರಿ ಬಾಡಿತು.

ಸಾಮಾನಾ ಕಟ್ಟಾಕತ್ತಿದ್ದೆ. ಒಂದಿನ ಸಂಜಿಮುಂದ ನಮ್ಮವ್ರು ಎದಿ ಉಬ್ಬಿಸ್ಕೊಂಡು ಬಂದ್ರು. "ವರ್ಗಾ ರದ್ದಾತು. ಮಾಮಲೇದಾರ ಸಾಹೇಬ್ರು ಖುದ್ದ ಧಾರವಾಡದ ಜಿಲ್ಲಾ ಕಚೇರಿಗೆ ಹೋಗಿ ಹೇಳಿ ಬಂದಾರ. ಈ ಮನಶ್ಯಾ ಇಲ್ಲಂದ್ರ ನನ್ನ ಕಚೇರಿ ನಡಿಯೂದಿಲ್ಲ ಅಂತ. ಇಷ್ಟು ವರ್ಷ ದುಡದಿದ್ದು ಕಡೀಗೂ ಒಬ್ಬರ ಕಣ್ಣಿಗೆ ಬಿತ್ತು ನೋಡು." ಹೇಳ್ಕೊಂತ ಅವರ ಕಣ್ಣಾಗ ನೀರು ಬಂತು. ನನಗೂ ಖುಷಿ ಆತು, ಮ್ಯಾಲ ಒಂದು ಸಂಶಯನೂ ಬಂತು. ಒಳಗ ಹೋಗಿ ಚಾ ಇಟ್ಟೆ.

ಚಾ ಕುದಿಯೂದರಾಗ ಪಟ್ಟೇವಾಲಾ ಓಡಿ ಬಂದ. ಖುಷಿಯಾಗ ಹಿತ್ತಲ ಬಾಗಲಾ ಮರತು ಮುಂದಿನ ಬಾಗಲಿಗೇ ಬಂದ. "ಅಕ್ಕಾರ, ಸಾಹೇಬ್ರು ಹೇಳಿ ಕಳಿಸ್ಯಾರ. ವರ್ಗಾ ನಿಂದ್ರಸಾಕ ಭಾಳ ತ್ರಾಸ ಆಗೈತಂತ. ಇನ್ನ ಗುರೆಳ್ಳು ಚಟ್ನಿ ಬಂದ್ ಮಾಡಬ್ಯಾಡ್ರಿ ಅಂತ." ಅಂದ ಮ್ಯಾಲ ಮಂಚದ ಮ್ಯಾಲ ಕುಂತ ನಮ್ಮವರನ್ನ ನೋಡಿದ.

ನಾ ಒಳ್ಳಿನ ಕಡೆ ನೋಡಿದೆ. ಮುಗೀತು ಇದರ ಕಥಿ ಅನ್ಕೊಂಡೆ.

ನಮ್ಮವ್ರು ಕಣ್ಣು ಒರಸ್ಕೊಂಡ್ರು. ಆಮ್ಯಾಲ ಮೆಲ್ಲಕ ಪಟ್ಟೇವಾಲಾನ್ನ ಕೇಳಿದ್ರು, "ಕಚೇರ್ಯಾಗ ಎಲ್ಲಾರೂ ತಿಂತಾರೇನು?"

"ಎಲ್ಲಾರೂ ರೀ. ನಿಮ್ಮನ್ನೊಬ್ಬರನ್ನ ಬಿಟ್ಟು."

"ಮತ್ತ, ಕಾರಕೂನರ ಹೆಣ್ತಿ ಚಟ್ನಿ ಅಂತಾರೇನು?"

ಪಟ್ಟೇವಾಲಾ ಗಲ್ಲಾ ಬಡಕೊಂಡ. "ದೇವರಾಣಿ ಇಲ್ರಿ. ಹಂಗ ಒಬ್ರೂ ಅನ್ನೂದಿಲ್ಲ. ನಿಮಗ 'ಚಟ್ನಿ ಅಕ್ಕಾರ ಗಂಡ' ಅಂತಾರ್ರಿ."

ಇದು ಕರಾರಿನ್ಯಾಗ ಇರಲಿಲ್ಲ, ಹಂಗಾಗಿ ಒಳ್ಳು ಬಂದ್ ಆಗಲಿಲ್ಲ. ಮರುದಿನ ಮುಂಜಾನೆ ನಮ್ಮವ್ರು ಕೋಟು ಹಾಕ್ಕೊಂಡು ಅಡಗಿಮನಿ ಬಾಗಲಾಗ ಬಂದು ನಿಂತ್ರು. "ಇವತ್ತಿನಿಂದ ಬುತ್ತಿ ಕಟ್ಟು, ಕಚೇರ್ಯಾಗ ಉಣ್ತೇನಿ" ಅಂದ್ರು. "ಚಟ್ನಿ ಹಾಕಬ್ಯಾಡ. ಅಲ್ಲೆ ಸಿಗ್ತೈತಂತ."