ಬೀಟೆ ಗಿಟಾರು ಮತ್ತು ಒಂದೇ ಒಂದು ಕೂಲರ್

ಕಣ್ಣು ಕಟ್ಟಿ ಕೂಡಿಸಿದರೂ ಸರಿ, ಬಾವಿಯೊಳಗೆ ಇಳಿಸಿ ಕೂಡಿಸಿದರೂ ಸರಿ, ಸಾವಿರ ಗಿಟಾರುಗಳ ನಡುವೆ ತನ್ನ ಗಿಟಾರಿನ ದನಿಯನ್ನು ಗುರುತಿಸಬಲ್ಲೆ ಎಂದು ಸುರಪುರದ ಮರಿಲಿಂಗ ಮೇ ತಿಂಗಳ ಒಂದು ಭಾನುವಾರ ಘೋಷಿಸಿದ. ಕೇಳಲು ಜನಸಾಗರವೇನೂ ನೆರೆದಿರಲಿಲ್ಲ. ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಸವಿತಾ ಇದ್ದಳು. ಬಾಗಿಲಲ್ಲಿ ಕೂತು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದ ತಾಯಿ ಅಯ್ಯಮ್ಮ ಇದ್ದಳು.

"ನಾ ಮೂರು ಸಲ ಕರದ್ರೂ ಕೇಳಂಗಿಲ್ಲ ನಿಮಗ. ಗಿಟಾರಿಂದು ಹೆಂಗ ಕೇಳ್ತದ?" ಎಂದಳು ಸವಿತಾ.

"ಕಿವಿ ಬ್ಯಾರೆ, ಸಂಗೀತದ ಕಿವಿ ಬ್ಯಾರೆ!"

"ಹಂಗಿದ್ರ ಅದನ್ನೇ ಒಂದು ಸಲ ಹಿಂಡಬೇಕು."

ಮರಿಲಿಂಗ ಭೀಮರಾಯನಗುಡಿಯ ನೀರಾವರಿ ಕಚೇರಿಯಲ್ಲಿ ಗುಮಾಸ್ತ. ಸಿಕಂದರಾಬಾದಿನ ಹಳೆ ಸಾಮಾನಿನ ಅಂಗಡಿಯೊಂದರಲ್ಲಿ ಅವನಿಗೆ ಆ ಗಿಟಾರು ಸಿಕ್ಕಿತ್ತು. ಈಗಿನ ದೊಡ್ಡ ಹೊಟ್ಟೆಯ ಗಿಟಾರಲ್ಲ. ತೊಡೆಯ ಮೇಲೆ ಮಗುವಿನಂತೆ ಕೂಡುವ ಸಣ್ಣ ಮೈ. ಬೆನ್ನು, ಪಕ್ಕೆ ಎಲ್ಲ ಹಳೆಯ ಬೀಟೆ ಮರದ್ದು, ಬೆಲ್ಲದ ಪಾಕದ ಬಣ್ಣ. ಅದರ ಮೇಲೆ ಅವನಿಗೆ ಬರುತ್ತಿದ್ದದ್ದು ಮೂರೂವರೆ ಹಾಡು. ಮಿಕ್ಕ ಅರ್ಧವನ್ನು ಅವನು ಕಲಿಯುವ ಹೊತ್ತಿಗೆ ಶಹಾಪುರದ ಗೊಬ್ಬರದ ಅಂಗಡಿಯ ಗೆಳೆಯ ಸುನೀಲಕುಮಾರನೂ ಅಂಥದ್ದೇ ಒಂದು ಹಳೆಯ ಬೀಟೆ ಗಿಟಾರು ಹುಡುಕಿ ತಂದ. ಅಲ್ಲಿಗೆ ಹಾಡು ನಿಂತಿತು, ಹೋಲಿಕೆ ಶುರುವಾಯಿತು! ನಿನ್ನ ಮರ ಕೆಂಪು, ನನ್ನದು ಕಪ್ಪು. ನಿನ್ನದರ ಗೆರೆ ಅಗಲ, ನನ್ನದರದ್ದು ಒತ್ತು. ಪ್ರತಿ ಭಾನುವಾರ ಇಬ್ಬರೂ ಗಿಟಾರಿನ ಬೆನ್ನು ಸವರುತ್ತ ಎತ್ತು ಕೊಳ್ಳಲು ಬಂದವರಂತೆ ಕೂಡುತ್ತಿದ್ದರು.

ಇಷ್ಟಕ್ಕೇ ಮುಗಿದಿದ್ದರೆ ಸವಿತಾ ಸಹಿಸಿಕೊಳ್ಳುತ್ತಿದ್ದಳು. ಆದರೆ ಒಣ ಸೆಕೆಗೆ ಹಳೆಯ ಮರ ಬಿರಿಯುತ್ತದೆಂದು ಮರಿಲಿಂಗನಿಗೆ ಯಾರೋ ಹೇಳಿದರು. ಅಂದಿನಿಂದ ಮನೆಯ ಏಕೈಕ ಕೂಲರ್ ಒಳಕೋಣೆಯಲ್ಲಿ ಗಿಟಾರಿನ ಸೇವೆಗೆ ನಿಂತಿತು. ಮನೆಮಂದಿಗೆಲ್ಲ ಪಡಸಾಲೆಯ ಫ್ಯಾನು. ಅದು ಮೇಲಿನ ಬಿಸಿಯನ್ನು ಕೆಳಗೆ ಹಂಚುವ ಕೆಲಸವನ್ನು ಪ್ರಾಮಾಣಿಕವಾಗಿ ಮಾಡುತ್ತಿತ್ತು. ಈಚೆಗೆ ನಡೆಯಲು ಕಲಿತ ಮಗಳು ಭಾಗ್ಯಳ ಮೈತುಂಬ ಬೆವರುಗುಳ್ಳೆ. ಕೂಸು ಮಲಗುತ್ತಿರಲಿಲ್ಲ, ಆದ್ದರಿಂದ ಯಾರೂ ಮಲಗುತ್ತಿರಲಿಲ್ಲ.

"ಶರತ್ತು ಕಟ್ರಿ," ಎಂದಳು ಸವಿತಾ, ಹಿಟ್ಟಿನ ಕೈ ಒರೆಸಿಕೊಳ್ಳುತ್ತ. "ಸುನೀಲಣ್ಣಾರನ್ನ ಕರೀರಿ. ನಾ ಒಳಗ ಕೂತು ತಂತಿ ಎಳೀತೀನಿ, ನೀವು ಹೊರಗ ಕೂತು ಯಾವ್ದು ಯಾರದು ಅಂತ ಹೇಳ್ರಿ. ತಪ್ಪಿದ್ರ ಕೂಲರ್ ಕೂಸಿಗೆ."

"ತಪ್ಪಿದ್ರ ತಾನೇ?" ಎಂದು ಮರಿಲಿಂಗ ನಕ್ಕ.

ಮಧ್ಯಾಹ್ನದ ಹೊತ್ತಿಗೆ ಸುನೀಲಕುಮಾರ ಗಿಟಾರಿನ ಪೆಟ್ಟಿಗೆಗೆ ಕೌದಿ ಸುತ್ತಿ ಬೆನ್ನಿಗೆ ಕಟ್ಟಿಕೊಂಡು ಮೋಟರ್‌ಸೈಕಲ್ ಮೇಲೆ ಬಂದಿಳಿದ. ಅವನ ಮುಖ ಸುಟ್ಟ ಬದನೆಕಾಯಿಯಾಗಿತ್ತು, ಗಿಟಾರು ಮಾತ್ರ ತಣ್ಣಗಿತ್ತು. ಎರಡನ್ನೂ ಶ್ರುತಿ ಮಾಡಿ, ಮತ್ತೆ ಪೆಟ್ಟಿಗೆಗೆ ಸೇರಿಸಿ ಒಳಕೋಣೆಯಲ್ಲಿಟ್ಟರು. ಬಾಗಿಲಿಗೆ ಚಾದರ ಕಟ್ಟಿದರು. ಗೆಳೆಯರಿಬ್ಬರೂ ಗೋಡೆಯ ಕಡೆ ಮುಖ ಮಾಡಿ ಪದ್ಮಾಸನ ಹಾಕಿದರು. ಪಂಚಳಾಗಿ ಅಯ್ಯಮ್ಮ ಕೂತಳು. ಸವಿತಾ ಮಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಬಹಳ ಹೊತ್ತು ಒಳಗಿಂದ ಕೂಲರಿನ ಸದ್ದು ಬಿಟ್ಟು ಏನೂ ಬರಲಿಲ್ಲ.

"ಏನಾತೇ?" ಎಂದ ಮರಿಲಿಂಗ.

"ತಡೀರಿ!" ಎಂದು ಪಿಸುದನಿ ಬಂತು. ಆಮೇಲೆ, ಝಂಯ್!

ಮರಿಲಿಂಗನ ರೋಮ ನಿಂತವು. "ನಂದು! ಬೀಟಿ ಮಾತಾಡಾಕತ್ತದ ನೋಡು!"

"ನಿಂದೆಲ್ಲಿ ಬಂತೋ? ಅದು ನಂದು!" ಎಂದ ಸುನೀಲಕುಮಾರ.

"ಶ್!" ಎಂದಿತು ಚಾದರ. ಸಂಗೀತಕ್ಕೆ ಎಂಥ ಮರ್ಯಾದೆ ಕೊಡುತ್ತಿದ್ದಾಳೆಂದು ಮರಿಲಿಂಗನಿಗೆ ಹೆಂಡತಿಯ ಮೇಲೆ ಹೆಮ್ಮೆಯಾಯಿತು.

ಎರಡನೆಯ ದನಿ ಬಂತು. ಸಣ್ಣಗೆ, ಬಡವಾಗಿ, ಉಪವಾಸ ಮಾಡಿದಂತೆ.

"ಇದು ನೋಡು ನಿಂದು!" ಎಂದ ಮರಿಲಿಂಗ. "ಖಾಲಿ ಎಣ್ಣಿ ಡಬ್ಬಿ! ಇದನ್ನ ಬೀಟಿ ಅಂತ ಮಾರಿದವನ ಮ್ಯಾಲ ಕೇಸ್ ಹಾಕು."

"ನಿಂದಪ್ಪಾ ಅದು ಡಬ್ಬಿ! ಒಳಗ ಪ್ಲೈವುಡ್ ಹಾಕಿ, ಮ್ಯಾಲ ಬಣ್ಣ ಬಳದಾರ!"

ಮೂರನೆಯದು ಎರಡಕ್ಕೂ ನಡುವಿನದು. ಅದನ್ನು ಇಬ್ಬರೂ ಒಂದೇ ಉಸಿರಿನಲ್ಲಿ ತಮ್ಮದೆಂದರು. ಮರಿಲಿಂಗ ಮರದ ವಯಸ್ಸು, ಗೆರೆಗಳ ಒತ್ತು, ಪಕ್ಕೆಯ ದಪ್ಪ ಎಲ್ಲವನ್ನೂ ಆ ಒಂದು ದನಿಯಿಂದಲೇ ಬಿಡಿಸಿ ಹೇಳಿದ. ಸುನೀಲಕುಮಾರ ಅವನ ಅಂಗಿಯ ಕೊರಳು ಹಿಡಿದ. "ಈ ಹುಚ್ಚರ ಕೈಯಾಗ ನಾ ಪಂಚಾಯ್ತಿ ಮಾಡ್ಲಾರೆ ಯವ್ವಾ!" ಎಂದು ಅಯ್ಯಮ್ಮ ಎದ್ದಳು. ಎಳೆದಾಟದಲ್ಲಿ ಇಬ್ಬರೂ ಬಾಗಿಲಿಗೆ ಬಿದ್ದರು. ಚಾದರ ಕಳಚಿತು.

ಒಳಗೆ ಸವಿತಾ ಮರಿಲಿಂಗನ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು, ತುಟಿಯ ಮೇಲೆ ಬೆರಳಿಟ್ಟು ಕೂತಿದ್ದಳು. ಸುನೀಲಕುಮಾರನ ಗಿಟಾರು ಪೆಟ್ಟಿಗೆಯಲ್ಲೇ ಇತ್ತು. ಪೆಟ್ಟಿಗೆ ಕೂಲರಿನ ಮುಂದಿತ್ತು. ಪೆಟ್ಟಿಗೆಯನ್ನು ಎರಡೂ ಕೈಯಿಂದ ತಬ್ಬಿ, ಅದರ ಮೇಲೊಂದು ಕಾಲು ಹಾಕಿ ಭಾಗ್ಯ ಗಾಢ ನಿದ್ದೆಯಲ್ಲಿದ್ದಳು.

"ಎಷ್ಟು ದಿನಕ್ಕ ಮಲಗ್ಯಾದ ಕೂಸು," ಎಂದು ಸವಿತಾ ಪಿಸುಗುಟ್ಟಿದಳು. "ಹೆಂಗ ಎಬ್ಬಿಸಲಿ? ಅಣ್ಣಾರ ಗಿಟಾರು ನಾ ಮುಟ್ಟೇ ಇಲ್ಲ."

"ಹಂಗಾದ್ರ ಮೊದಲನೇದ್ದು?" ಎಂದ ಮರಿಲಿಂಗ.

"ನಿಮ್ಮದು."

"ಎರಡನೇದ್ದು?"

"ಅದೂ ನಿಮ್ಮದೇ. ಮೊದಲನೇ ಸಲ ಜೋರಾಗಿ ಎಳದೆ, ಕೂಸು ಮಿಸುಗಾಡ್ತು. ಆಮ್ಯಾಲ ಹಗೂರಕ ಎಳದೆ. ಮತ್ತ ನಿದ್ದಿ ಹತ್ತಿದ ಮ್ಯಾಲ ಸ್ವಲ್ಪ ಜೋರು. ಬೀಟಿ ಫರಕ್ ಅಲ್ರಿ, ನಿಮ್ಮ ಮಗಳ ನಿದ್ದಿ ಫರಕ್!"

ಸುನೀಲಕುಮಾರ ಹೊಟ್ಟೆ ಹಿಡಿದು ನಗಲು ಬಾಯಿ ತೆರೆದ. ತಾನು ಎರಡು ಸಲ ಗೆಳೆಯನ ಗಿಟಾರನ್ನೇ ತನ್ನದೆಂದು ಕೊಂಡಾಡಿದ್ದು ಹೊಳೆದು, ತೆರೆದ ಬಾಯಿಯನ್ನು ಹಾಗೆಯೇ ಮುಚ್ಚಿದ. ತನ್ನ ಗಿಟಾರನ್ನು ತಾನೇ ಎಣ್ಣೆ ಡಬ್ಬಿ ಎಂದ ಮರಿಲಿಂಗನಿಗಂತೂ ಅದರ ಮುಖ ನೋಡಲು ಧೈರ್ಯ ಬರಲಿಲ್ಲ. ಮಗಳ ಮುಖ ನೋಡಿದ. ಗುಳ್ಳೆ ಎದ್ದ ಕೆನ್ನೆಯ ಮೇಲೆ ತಂಪು ಗಾಳಿಗೆ ಕೂದಲು ಹಾರುತ್ತಿತ್ತು. ಅವನಿಗೆ ನಿಜವಾಗಿಯೂ ನಾಚಿಕೆಯಾಯಿತು.

"ಕೂಲರ್ ಕೂಸಿಗೇ ಇರ್ಲಿ," ಎಂದ. ಸ್ವಲ್ಪ ತಡೆದು, "ಆದ್ರ ಗಿಟಾರು ಹೊರಗಿಟ್ರ ಬಿರೀತದಲ್ಲ?" ಎಂದ.

"ಅದೂ ಇಲ್ಲೇ ಮಲಗ್ಲಿ ಬಿಡ್ರಿ, ಪಾಪ."

ಒಳಕೋಣೆಯಲ್ಲಿ ಹಾಸಿಗೆಗಳು ಬಿದ್ದವು. ಅಯ್ಯಮ್ಮ, ಸವಿತಾ, ಭಾಗ್ಯ, ಅವರ ಪಕ್ಕದಲ್ಲಿ ಸಾಲಾಗಿ ಎರಡು ಗಿಟಾರು. ಬಿಸಿಲು ಇಳಿದ ಮೇಲೆ ಹೊರಡುತ್ತೇನೆಂದ ಸುನೀಲಕುಮಾರ ಪಡಸಾಲೆಯ ಫ್ಯಾನಿನ ಕೆಳಗೆ ಅಂಗಿ ಬಿಚ್ಚಿ ಹೊರಳಾಡತೊಡಗಿದ. ಮರಿಲಿಂಗ ದಿಂಬು ಬಗಲಲ್ಲಿಟ್ಟುಕೊಂಡು ಮೆಲ್ಲಗೆ ಒಳಗೆ ಇಣುಕಿದ.

"ಸವಿತಾ, ಸ್ವಲ್ಪ ಸರೀತೀ ಏನು? ಹೊರಗ ಭಾಳ ಸೆಕಿ. ನಾನೂ ಬಿರೀತೀನಿ."

ಸವಿತಾ ಕಣ್ಣು ತೆರೆಯದೆಯೇ ಹೇಳಿದಳು:

"ಏನೂ ಆಗಂಗಿಲ್ಲ ಹೋಗ್ರಿ. ನೀವು ಬೀಟಿ ಅಲ್ಲ, ಸುರಪುರದ ಜಾಲಿ ಕಟ್ಟಿಗಿ!"