ಕೃಷ್ಣಪ್ಪನಿಗೊಂದು ಪಟ

ಗಂಡ ಸತ್ತ ಮೇಲೆ ಗಿರಿಯಮ್ಮನಿಗೆ ಎದುರಾದ ದೊಡ್ಡ ಕಷ್ಟ ಗಂಡನಿಲ್ಲದ್ದಲ್ಲ, ಗಂಡನ ಪಟವಿಲ್ಲದ್ದು. ಕ್ಯಾಮೆರಾ ಕಂಡರೆ ಕೃಷ್ಣಪ್ಪ ಹಿತ್ತಲ ಬಾಗಿಲು ಹುಡುಕುತ್ತಿದ್ದ. ಮದುವೆಯ ಫೋಟೋ ಗೆದ್ದಲಿನ ಹೊಟ್ಟೆ ಸೇರಿತ್ತು. ವೋಟಿನ ಕಾರ್ಡಿನದನ್ನು ಕೊಪ್ಪದ ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿದರೆ ಕೋಳಿ ಕದ್ದು ಸಿಕ್ಕಿಬಿದ್ದವನ ಮುಖ ಬಂತು.

"ವರ್ಷದ ಎಡೆಗೆ ನನ್ನ ತಮ್ಮನ ಪಟ ಇಲ್ದಿದ್ರೆ ಈ ಮನೆ ಹೊಸ್ತಿಲು ತುಳಿಯಲ್ಲ ನೋಡು," ಎಂದಳು ಗಂಡನ ಅಕ್ಕ ಭೈರಮ್ಮ.

ತುಳಿಯದಿದ್ದರೆ ಒಳ್ಳೆಯದೇ. ಆದರೆ ಊರಿನ ಬಾಯಿ? (ವರ್ಷ ತುಂಬುವುದರೊಳಗೆ ಗಂಡನ ಮುಖ ಮರೆತಳು ಎನ್ನುತ್ತದೆ.) ಗಿರಿಯಮ್ಮ ಮಹಿಳಾ ಸಮಾಜದಲ್ಲಿ ಗಜಾನನ ಮೇಷ್ಟ್ರ ಎಣ್ಣೆಬಣ್ಣದ ಕ್ಲಾಸಿಗೆ ಸೇರಿದಳು.

ಮೇಷ್ಟ್ರು ಫ್ರಾನ್ಸ್ ದೇಶದ ಚಿತ್ರವೊಂದನ್ನು ಮುಂದಿಟ್ಟು ಇದನ್ನೇ ನಕಲು ಮಾಡಿ ಎಂದರು. ಒಂದು ಕೋಣೆ. ಕಿಟಕಿಯ ಬೆಳಕು. ಪೇಪರ್ ಓದುವ ಗಂಡಸು. ಎದುರಿಗೆ ಕೈಕಟ್ಟಿ ಕೂತ ಹೆಂಗಸು.

"ಮೇಷ್ಟ್ರೇ, ಇವ್ರಿಗೆ ಮೂಗೇ ಇಲ್ಲವಲ್ಲ?"

"ಅದು ಹಾಗೇ ಅಮ್ಮ. ದೂರದಿಂದ ನೋಡ್ಬೇಕು. ಹತ್ರ ಹೋದ್ರೆ ಬರೀ ಬಣ್ಣದ ಮುದ್ದೆ."

ಗಿರಿಯಮ್ಮನಿಗೆ ತಟ್ಟನೆ ಅರ್ಥವಾಯಿತು. ಕೃಷ್ಣಪ್ಪನೂ ಹಾಗೇ. ಊರಿಗೆಲ್ಲ ದೇವರಂಥ ಮನುಷ್ಯ; ಊರು ಅವನನ್ನು ನೋಡಿದ್ದು ದೂರದಿಂದ. ಆದರೂ ಅವನು ಹೋದ ಮೇಲೂ ಅವಳು ಇಬ್ಬರಿಗಾಗುವಷ್ಟೇ ಅಕ್ಕಿ ಅಳೆಯುತ್ತಿದ್ದಳು.

ಗಂಡಸಿಗೆ ಬೋಳುತಲೆ, ಪೊದೆಮೀಸೆ, ಹೆಗಲಿಗೆ ಟವೆಲು ಬರೆದಳು. ಹೆಂಗಸನ್ನು ತನ್ನಂತೆ ಮಾಡಲು ಕೈ ಬರಲಿಲ್ಲ. ಗಂಡನೆದುರು ಅವಳು ಕೈಕಟ್ಟಿ ಕೂತದ್ದು ಯಾವಾಗ? ಮಾನ ಮುಚ್ಚಲಿ ಎಂದು ಗೌನಿನ ಮೇಲೊಂದು ಹಸಿರು ಸೆರಗು ಹೊದೆಸಿ ಬಿಟ್ಟಳು.

ಮಳೆಗಾಲದಲ್ಲಿ ಎಣ್ಣೆಬಣ್ಣ ಒಣಗುತ್ತದೆಯೇ? ಒಣಮೀನು ತೂಗಿಸುವ ಜಾಗದಲ್ಲಿ, ಒಲೆಯ ಮೇಲೆ ಕಟ್ಟಿದಳು. ಹೊಗೆ ಕುಡಿದು ಕುಡಿದು ಫ್ರಾನ್ಸಿನವರಿಬ್ಬರೂ ಕೊಪ್ಪದ ಬಣ್ಣಕ್ಕೆ ಬಂದರು.

ಎಡೆಯ ದಿನ ಬಂತು. ಸತ್ತವನಿಗೆ ಬಡಿಸಲು ಪಟದ ಮುಂದೆ ಬಾಳೆಯೆಲೆ ಹಾಸಿ, ಕೋಳಿಸಾರು, ಕಡುಬು ತಂದಿಟ್ಟರು. ಭೈರಮ್ಮ ಹೊಸ್ತಿಲಲ್ಲೇ ನಿಂತು, "ಅಯ್ಯೋ, ನನ್ನ ತಮ್ಮನೇ!" ಎಂದು ಗೋಳೋ ಎಂದಳು. ಗಿರಿಯಮ್ಮನ ಎದೆ ಹಗುರಾಯಿತು. ಅಳು ಅರ್ಧಕ್ಕೇ ನಿಂತಿತು.

"ಅದ್ಯಾರೇ ಆ ಹೆಂಗಸು?"

"ಫ್ರಾನ್ಸಿನವಳು, ಅಕ್ಕ."

"ಫ್ರಾನ್ಸಿನವಳಿಗೆ ನನ್ನ ತಮ್ಮನ ಎದುರು ಎಂತ ಕೆಲ್ಸ?"

ಅಷ್ಟರಲ್ಲಿ ಕೃಷ್ಣಪ್ಪನ ಜೀವದ ಗೆಳೆಯ ಪುಟ್ಟಯ್ಯ ಎಡೆಗಿಡಲು ಸಾರಾಯಿ ಶೀಷೆ ಹಿಡಿದು ಬಂದ. ಪಟ ನೋಡಿದ. ಕಣ್ಣೊರೆಸಿಕೊಂಡ.

"ಅತ್ತಿಗೆ, ನಿಮ್ಮದು ದೊಡ್ಡ ಮನಸ್ಸು. ನಿಮಗೆ ಗೊತ್ತೇ ಇಲ್ಲ ಅಂದ್ಕೊಂಡಿದ್ದೆ ನಾನು. ಎನ್.ಆರ್. ಪುರದ ಸೀತಕ್ಕನ್ನ ಎಷ್ಟು ಪಸಂದಾಗಿ ಬರ್ದೀರಿ! ಅದೇ ಹಸಿರು ಸೀರೆ!"

ಭೈರಮ್ಮ ಅವನ ಪಕ್ಕೆ ತಿವಿದಳು. ತಿವಿದದ್ದನ್ನು ಗಿರಿಯಮ್ಮ ನೋಡಿದಳು. ಓಹೋ, ಇವಳಿಗೂ ಗೊತ್ತು. ಇಡೀ ಊರಿಗೆ ಗೊತ್ತಿದ್ದದ್ದನ್ನು ತಾನೇ ಕೂತು, ಬಣ್ಣ ಕಲೆಸಿ, ಹೊಗೆ ಹಾಕಿ, ಗೋಡೆಗೆ ನೇತುಹಾಕಿದ್ದಾಳೆ.

ಒಲೆಯ ಮೇಲೆ ಸಾರು ಕೊತಕೊತ ಎನ್ನುತ್ತಿತ್ತು.

"ಅಕ್ಕ, ಇನ್ನೊಂದು ಎಲೆ ಹಾಕಿ," ಎಂದಳು ಗಿರಿಯಮ್ಮ. "ಇಬ್ಬರಿದ್ದಾರಲ್ಲ."

ಪುಟ್ಟಯ್ಯನಿಗೆ ಬೆವರು ಕಿತ್ತುಕೊಂಡಿತು. "ಅಯ್ಯೋ, ಅವ್ರು ಸತ್ತಿಲ್ಲ ಅತ್ತಿಗೆ! ಮೊನ್ನೆ ಬಸ್ಸಲ್ಲಿ ಸಿಕ್ಕಿದ್ರು, ಗುಂಡುಕಲ್ಲಿನ ಹಾಗಿದ್ದಾರೆ!"

"ಹೌದಾ?" ಗಿರಿಯಮ್ಮ ಸೌಟು ಎತ್ತಿದಳು. "ಹಾಗಾದ್ರೆ ಅವಳಿಗೆ ಕಾಲಿನ ತುಂಡೇ ಬಡಿಸ್ತೆ. ಹಲ್ಲು ಗಟ್ಟಿ ಇರ್ತವೆ."