ಕೊಸರಿಗೆ ಹೋದ ಹಾಡು

ನನ್ನ ಚೌಕಾಸಿ ಚಟಕ್ಕೆ ಇದುವರೆಗೆ ತೆತ್ತದ್ದರಲ್ಲಿ ಅತಿ ದುಬಾರಿಯಾದದ್ದು ಒಂದು ಹಾಡು. ಅದೂ ನನ್ನದಲ್ಲ, ಅಕ್ಕನ ಮಗಳು, ಸದಲಗಾದ ಸುನೀತಾಳದು. ಕಳ್ಳರು ಒಯ್ಯಲಿಲ್ಲ, ಯಾರೂ ಮೋಸ ಮಾಡಲಿಲ್ಲ. ವ್ಯಾಪಾರ ಮುಗಿದ ಖುಷಿಗೆ ಮೇಲೊಂದು ಹಿಡಿ ಹಾಕಿ ಕೊಡುತ್ತಾರಲ್ಲ, ಆ ಕೊಸರಿನ ಲೆಕ್ಕದಲ್ಲಿ ನಾನೇ ಕೈಯಾರೆ ಕೊಟ್ಟು ಬಂದೆ.

ನಾನು ಎಮ್ಮೆ ದಲ್ಲಾಳಿಯಿಂದ ಶುರುಮಾಡಿ ಚಿಕ್ಕೋಡಿಯಲ್ಲಿ ಹಳೇ ಟ್ರ್ಯಾಕ್ಟರು, ಟ್ರ್ಯಾಲಿ ಕೊಡಿಸುವವರೆಗೆ ಬೆಳೆದವನು. ಸಲಹೆ ಕೇಳದವರಿಗೂ ಸಲಹೆ ಕೊಡುತ್ತೇನೆ. ಸುನೀತಾ ಹಾಲಿನ ಡೇರಿಯಲ್ಲಿ ಕೆಲಸ ಮಾಡುತ್ತ ರ‍್ಯಾಪ್ ಹಾಡುವವಳು. ತಾಳಕ್ಕೆ ಸರಿಯಾಗಿ ಪಟಪಟನೆ ಮಾತು ಪೋಣಿಸುವ ಹಾಡು ಅದು. ಅರ್ಧ ಕನ್ನಡ, ಅರ್ಧ ಮರಾಠಿ, ನಮ್ಮ ಮನೆಗಳಲ್ಲಿ ಮಾತಾಡುವ ಹಾಗೆಯೇ. ಮೊದಲ ಸಲ ಕೇಳಿದಾಗ ಯಾರೊಂದಿಗೋ ಜಗಳಕ್ಕೆ ನಿಂತಿದ್ದಾಳೆಂದು ತಿಳಿದು ಬಿಡಿಸಲು ಒಳಗೆ ಓಡಿದ್ದೆ. ಇಂಥವಳನ್ನು ಮುಂಬಯಿಯ ದೊಡ್ಡ ಹಾಡಿನ ಕಂಪನಿಯೊಂದು ಕರೆಯಿತು. ಅಕ್ಕ ತೀರಿಕೊಂಡು ವರ್ಷವೂ ಆಗಿರಲಿಲ್ಲ. ಹಿರಿಯನೆಂದು, ಅದಕ್ಕಿಂತ ಹೆಚ್ಚಾಗಿ ವ್ಯಾಪಾರ ಬಲ್ಲವನೆಂದು, ನಾನೇ ಜೊತೆಗೆ ಹೊರಟೆ.

ದನದ ಸಂತೆಯಲ್ಲಿ ನಾವು ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಕೈಮೇಲೆ ಟವೆಲ್ ಮುಚ್ಚಿ, ಒಳಗೆ ಬೆರಳು ಹಿಡಿದು ತಿಳಿಸುತ್ತೇವೆ. ಕಂಪನಿಯ ಸಾಹೇಬನ ಮುಂದೆಯೂ ಹೆಗಲ ಮೇಲಿನ ಹೊಸ ಟವೆಲ್ ತೆಗೆದು ಅವನ ಕೈಯ ಕಡೆ ಚಾಚಿದೆ. ಅವನು ಸನ್ಮಾನ ಮಾಡುತ್ತಿದ್ದಾರೆಂದು ತಿಳಿದು ಎದ್ದು ನಿಂತು ಕೊರಳು ಬಗ್ಗಿಸಿದ. ಹೊದಿಸದೆ ಗತ್ಯಂತರವಿರಲಿಲ್ಲ. ಟವೆಲ್ ಹೋಯಿತು, ಬಾಯಿಬಿಟ್ಟೇ ಕೇಳಿದೆ. ಅವನು ಹೇಳಿದ ಬೆಲೆಯನ್ನು ಎಳೆದೂ ಎಳೆದೂ ಒಂದೂವರೆ ಪಟ್ಟು ಮಾಡಿದೆ. ಹಾಗಾದರೆ ಮಾಡಿಟ್ಟ ಹಾಡೆಲ್ಲವೂ ನಮ್ಮದಾಗಬೇಕು ಎಂದ ಅವನು. ಸುನೀತಾ ನನ್ನ ತೋಳು ಹಿಡಿದಳು.

"ಮಾಮಾ, ಅವ್ವನ ಮ್ಯಾಲಿನ ಹಾಡ ಬ್ಯಾಡ್ರಿ. ಅದನ್ನ ಬಿಟ್ಟ ಉಳಿದಿದ್ದ ಕೊಡೂಣು."

"ಸುಮ್ನಿರವಾ. ಒಂದ ಹಾಡಿನ ಸಲವಾಗಿ ವ್ಯಾಪಾರ ಮುರೀತೈತಿ."

ಅವಳು ನನ್ನ ತೋಳು ಬಿಟ್ಟಳು. ಸಹಿ ಮಾಡಿದಳು. ನಾನು ನಿಪ್ಪಾಣಿ ಬರುವವರೆಗೂ ಬಸ್ಸಿನಲ್ಲಿ ಪಕ್ಕದವನಿಗೆ ಚೌಕಾಸಿಯ ಗುಟ್ಟು ಹೇಳುತ್ತ ಬಂದೆ.

ಕಂಪನಿಯವರು ಅವಳಿಂದ ಹಿಂದಿಯಲ್ಲಿ ಹಾಡಿಸಿದರು, ಹರಿದ ಪ್ಯಾಂಟು ತೊಡಿಸಿದರು. ಆ ಹಾಡುಗಳನ್ನು ಯಾರೂ ಕೇಳಲಿಲ್ಲ. ಅವ್ವನ ಹಾಡನ್ನಂತೂ, ಈ ಭಾಷೆ ಅತ್ತಲದೂ ಅಲ್ಲ ಇತ್ತಲದೂ ಅಲ್ಲ ಎಂದು ಹೊರಗೇ ಬಿಡಲಿಲ್ಲ. ಮುಂದೆ ಆ ಕಂಪನಿಯನ್ನು ಅದಕ್ಕಿಂತ ದೊಡ್ಡ ಕಂಪನಿ ಕೊಂಡಿತು. ಟ್ರ್ಯಾಕ್ಟರಿನ ಹಿಂದೆ ಟ್ರ್ಯಾಲಿ ಹೋಗುವಂತೆ ಅಕ್ಕನ ಹಾಡೂ ಹೋಯಿತು. ಈಗ ಅದನ್ನು ವೇದಿಕೆಯಲ್ಲಿ ಹಾಡಿದರೂ ನೋಟಿಸು ಬರುತ್ತದಂತೆ.

ಸುನೀತಾ ಊರಿಗೆ ಮರಳಿ ಮತ್ತೆ ಡೇರಿಗೆ ಹೋಗತೊಡಗಿದಳು. ಹೊರಗಿನ ಸದ್ದು ಬಾರದಂತೆ ಹಿತ್ತಲ ಕೋಣೆಯ ಗೋಡೆಗೆಲ್ಲ ಕೌದಿ ಕಟ್ಟಿ, ಅಲ್ಲೇ ತನ್ನ ಭಾಷೆಯ ಹೊಸ ಹಾಡುಗಳನ್ನು ರೆಕಾರ್ಡು ಮಾಡಿ, ತಾನೇ ಮೊಬೈಲಿಗೆ ಬಿಟ್ಟಳು. ಪುಕ್ಕಟೆ ಸಿಗುವುದಕ್ಕೆ ಯಾರೂ ಬೆಲೆ ಕೊಡುವುದಿಲ್ಲವೆಂದು ನಾನು ಎಚ್ಚರಿಸಿದೆ. ಇಂದು ರಾಯಬಾಗದಿಂದ ಕೊಲ್ಲಾಪುರದವರೆಗೆ ಹುಡುಗರು ಅವಳ ಹಾಡನ್ನು ಬಾಯಿಪಾಠ ಹೇಳುತ್ತಾರೆ. ಐನಾಪುರದಿಂದ ಕಾರ್ಯಕ್ರಮಕ್ಕೆ ಕರೆಯಲು ಬಂದವರೊಂದಿಗೆ ನಾನು ಗಂಟಲು ಸರಿಮಾಡಿಕೊಂಡು ಮಾತಿಗೆ ಕೂತೆ. "ಮಾಮಾ, ನೀವು ಚಾ ಕುಡೀರಿ," ಎಂದಳು. ಕುಡಿದೆ. ಹಾಡು ತನ್ನದು, ರೆಕಾರ್ಡು ತನ್ನದು ಎಂದು ಮೊದಲು ಅವರನ್ನು ಒಪ್ಪಿಸಿದಳು. ಬೆಲೆಗೆ ಬಂದಾಗ ಅವರು ಹೇಳಿದ್ದಕ್ಕೆ ಹೂಂ ಅಂದುಬಿಟ್ಟಳು. ಚಹಾ ನೆತ್ತಿಗೇರಿತು.

ಐನಾಪುರದಲ್ಲಿ ಅವಳನ್ನು ಮೊದಲಿನಿಂದ ಬಲ್ಲವರು ಅವ್ವನ ಹಾಡು ಹೇಳೆಂದು ಕೂಗಿದರು. ಅದು ತನ್ನ ಹತ್ತಿರ ಇಲ್ಲವೆಂದು ಮೈಕಿನಲ್ಲಿ ಹೇಳಿ ಮುಂದಿನ ಹಾಡು ಎತ್ತಿಕೊಂಡಳು. ನನ್ನ ಕಡೆ ನೋಡಲೂ ಇಲ್ಲ. ನೋಡಿ ಬೈದಿದ್ದರೆ ಹಗುರಾಗುತ್ತಿದ್ದೆ. ಹಿಂತಿರುಗುವಾಗ ಜೀಪಿನಲ್ಲಿ, ಅವ್ವನ ಮೇಲೆ ಇನ್ನೊಂದು ಮಾಡು, ಅದರಲ್ಲೇನಿದೆ ಎಂದೆ.

"ಅವ್ವ ಇದ್ದಾಗ ಮಾಡಿದ್ದ ಅದು ಮಾಮಾ," ಎಂದಳು. "'ನನ್ನ ಬೈಗುಳ ಎಲ್ಲಾ ಕದ್ದೀಯಲ್ಲ ಬೇ' ಅಂತ ಹೊಟ್ಟಿ ಹಿಡಕೊಂಡ ನಕ್ಕಿದ್ಲು. ಈಗ ಮಾಡಿದ್ರ ನಗಾವ್ರ ಯಾರ್ರಿ?"

ಇದಕ್ಕೆ ನನ್ನಲ್ಲಿ ಸಲಹೆ ಇರಲಿಲ್ಲ.

ನಿಮಗಾದರೆ ಇದೆ. ನಿಮ್ಮ ಮನೆಯಲ್ಲೂ ಹಾಡುವವರಿದ್ದು, ದೊಡ್ಡ ಕಂಪನಿ ಕರೆದರೆ, ಬೆಲೆಯನ್ನು ಕೊನೆಗೆ ಮಾತಾಡಿ. ಕೊಡಬಾರದ್ದು ಯಾವುದೆಂದು ಮನೆಯಲ್ಲೇ ಗೊತ್ತುಮಾಡಿಕೊಂಡು ಹೋಗಿ. ಅದಕ್ಕೂ ಮೊದಲು ಮಾರಲಿರುವ ಹಾಡನ್ನು ಕೂತು ಪೂರ್ತಿ ಕೇಳಿ. ಎಮ್ಮೆಯ ಹಲ್ಲು ನೋಡದೆ ಬೆಲೆ ಹೇಳದ ನಾನು ಅದೊಂದನ್ನು ಮಾಡಲಿಲ್ಲ. ಸುನೀತಾ ಅಕ್ಕನ ಮುಂದೆ ಆ ಹಾಡು ಶುರುಮಾಡಿದ ದಿನ ನಾನೂ ಅಲ್ಲಿದ್ದೆ. ಎರಡನೇ ಸಾಲಿಗೆ ಫೋನು ಬಂತು, ಎದ್ದು ಅಂಗಳಕ್ಕೆ ಹೋದೆ. ಅಕ್ಕ ನಕ್ಕದ್ದು ಅಲ್ಲಿಂದಲೇ ಕೇಳಿಸಿತು. ನೀವು ಫೋನು ಎತ್ತಬೇಡಿ. ಅಂದು ನನಗೆ ಬಂದದ್ದು ಹಳೇ ಟ್ರ್ಯಾಲಿಯ ಗಿರಾಕಿಯದು; ಆ ವ್ಯಾಪಾರವೂ ಕುದುರಲಿಲ್ಲ.